ವಾಡಿಯ ಜಪಾನಿ ಮಾಸ್ತರ

ರಮೇಶಕುಮಾರನ ಸುದ್ದಿ ಅಮೃತಮ್ಮನ ಕಿವಿಗೆ ಮೊದಲು ಬಿದ್ದದ್ದು ಒಂದು ಗುರುವಾರ. ಬಿಸಿಲು ಏರುವುದರೊಳಗೆ ಮುಗಿಸಬೇಕೆಂದು ಆಕೆ ಅಂಗಳದಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಪಕ್ಕದ ಮನೆಯ ಅಖ್ತರ ಬೇಗಂ ಬಂದವಳೇ ಎದುರಿಗೆ ಕುಕ್ಕರಿಸಿ, ಬೇಳೆಯಲ್ಲಿ ಕೈಯಾಡಿಸುತ್ತ ಹೇಳಿದಳು.

“ಅಮೃತಮ್ಮ, ನಮ್ಮ ಶಗುಫ್ತಾ ಜಪಾನಿ ಹಾಡು ಕಲೀಲಿಕತ್ತಾಳ.”

“ಯಾಕ, ಊರಾಗಿನ ಹಾಡು ತೀರಿದವೇನು?”

“ಹಾಡು ಕಲಿತ್ರ ಭಾಷಾ ಬರ್ತದಂತ. ಭಾಷಾ ಬಂದ್ರ ಅಲ್ಲಿ ಮುದುಕರನ್ನ ನೋಡಿಕೊಳ್ಳೋ ನೌಕರಿ ಸಿಗ್ತದಂತ. ಕಲಸೋರು ರಮೇಶಕುಮಾರ ಸರ್ ಅಂತ. ಜಪಾನದಾಗ ಇದ್ದು ಬಂದಾರ.”

“ತಾವಾಗೇ ಬಂದಾರೋ, ಅವರೇ ಕಳಿಸಿಕೊಟ್ಟಾರೋ?”

“ನಿನ್ನ ನಾಲಿಗಿಗೆ ಹಾವು ಕಡೀಲಿ” ಎಂದು ಬೇಗಂ ನಕ್ಕಳು. ನಗುವಾಗಲೂ ಅವಳ ಕಣ್ಣಲ್ಲಿ ಮೊಮ್ಮಗಳ ಚಿಂತೆ ಇತ್ತು.

ಇಬ್ಬರೂ ಎಪ್ಪತ್ತು ದಾಟಿದವರು, ಇಬ್ಬರೂ ಗಂಡನನ್ನು ಕಳೆದುಕೊಂಡವರು. ಅಮೃತಮ್ಮನ ಗಂಡ ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಹಳಿ ಬದಲಿಸಿ ಕೊಡುವ ಕೆಲಸದಲ್ಲಿದ್ದ. ಬೇಗಂಳ ಗಂಡ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲು ಕೊಯ್ಯುತ್ತಿದ್ದ. ಅಮೃತಮ್ಮ ಶಾಲೆಯ ಮುಖ ಕಂಡದ್ದು ಮೂರನೆಯ ಇಯತ್ತೆಯ ತನಕ. ಆದರೆ ಹಾಡು ಒಮ್ಮೆ ಆಕೆಯ ಕಿವಿಯೊಳಗೆ ಹೋಯಿತೆಂದರೆ ಹೊರಗೆ ಬರುವ ದಾರಿಯೇ ಇರುತ್ತಿರಲಿಲ್ಲ. ಓಣಿಯ ಹೆಂಗಸರು ಅಂತ್ಯಾಕ್ಷರಿಗೆ ಕೂತರೆ ಈ ಇಬ್ಬರನ್ನು ಒಂದೇ ಕಡೆ ಕೂಡಿಸಲು ಯಾರೂ ಒಪ್ಪುತ್ತಿರಲಿಲ್ಲ. ಕನ್ನಡದ್ದು ಅಮೃತಮ್ಮನ ಹತ್ತಿರ ಮುಗಿಯುತ್ತಿರಲಿಲ್ಲ, ಡೋಲಕಿನ ಹಾಡು ಬೇಗಂಳ ಹತ್ತಿರ ಮುಗಿಯುತ್ತಿರಲಿಲ್ಲ.

ಶಗುಫ್ತಾ ಕಲಬುರಗಿಯಲ್ಲಿ ನರ್ಸಿಂಗ್ ಮುಗಿಸಿದ ಹುಡುಗಿ. ಕೈ ಮೃದು, ಬಾಯಿ ಕಮ್ಮಿ. ಆ ಬಾಯಿಂದಾಗಿಯೇ, ಫೋನಿನ ವಿಡಿಯೋದಲ್ಲಿ ನಡೆದ ಮೊದಲ ಸಂದರ್ಶನದಲ್ಲಿ ಜಪಾನಿನವರು ಕೇಳಿದ ನಾಲ್ಕು ಪ್ರಶ್ನೆಗೂ ಮುಗುಳ್ನಕ್ಕು ನಪಾಸಾಗಿದ್ದಳು. ಈಗ ಅದೇ ಜಪಾನಿ ವೃದ್ಧಾಶ್ರಮದವರು ಖುದ್ದಾಗಿ ವಾಡಿಗೆ ಬಂದು, ಒಂಬತ್ತು ಹುಡುಗಿಯರಲ್ಲಿ ಇಬ್ಬರನ್ನು ಆರಿಸುವವರಿದ್ದರು. ಎರಡು ಸಲ ನಪಾಸಾದವರನ್ನು ಮೂರನೆಯ ಸಲ ನೋಡುವುದಿಲ್ಲವೆಂದು ಅವರ ಕಾಗದದಲ್ಲೇ ಬರೆದಿತ್ತು. ಶಗುಫ್ತಾಳಿಗೆ ಉಳಿದದ್ದು ಆ ಒಂದು ದಿನ. ಆ ದಿನವನ್ನು ತಗೊಂಡು ಹೋಗಿ ರಮೇಶಕುಮಾರನ ಕೈಯಲ್ಲಿ ಇಟ್ಟಿದ್ದರು.

ಯಾರೀ ರಮೇಶಕುಮಾರ? ಸುಲೇಪೇಟದ ಪೀರಪ್ಪನ ಮಗ. ಪೀರಪ್ಪ ಸಂತೆಯಲ್ಲಿ ಎತ್ತಿನ ಹಗ್ಗ ಮಾರುತ್ತಿದ್ದ ಮರ್ಯಾದಸ್ಥ. ಮಾರಿದ ಹಗ್ಗ ವರ್ಷದೊಳಗೆ ಹರಿದರೆ ಕೇಳದೆ ಹೊಸದು ಕೊಡುತ್ತಿದ್ದ. ಮಗನಿಗೆ ಹಗ್ಗ ಹೊಸೆಯಲು ಬರಲಿಲ್ಲ, ಮಾತು ಹೊಸೆಯಲು ಬಂತು. ಚಿಂಚೋಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಿ, ಬಿಚ್ಚಿದ ಫೋನುಗಳನ್ನು ತಿರುಗಿ ಕೂಡಿಸಲಾರದೆ ಡಬ್ಬಿಯಲ್ಲಿ ತುಂಬಿಟ್ಟುಕೊಂಡ. ಸೇಡಂನಲ್ಲಿ ಮದುವೆಯ ವಿಡಿಯೋ ತೆಗೆಯಲು ಹೋಗಿ, ತಾಳಿ ಕಟ್ಟುವ ಹೊತ್ತಿಗೆ ಊಟದ ಪಂಕ್ತಿಯಲ್ಲಿ ಸಿಕ್ಕ. ಚಿತ್ತಾಪುರದಲ್ಲಿ ಮೂರು ತಿಂಗಳು ಇಂಗ್ಲಿಷ್ ಮಾತಾಡುವುದನ್ನು ಕಲಿಸಿದ. ಅಲ್ಲಿ ಕಲಿತವರು ಇಂದಿಗೂ ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ಯಾರನ್ನೋ ಹಿಡಿದು ಹನ್ನೊಂದು ತಿಂಗಳು ಜಪಾನಿಗೆ ಹೋಗಿ ಬಂದ. ‘ಫುಡ್ ಕಂಪನಿ’ ಎನ್ನುತ್ತಿದ್ದ. ಬೇಗಂಳ ತಂಗಿ ಸುಲೇಪೇಟದಲ್ಲೇ ಇದ್ದದ್ದರಿಂದ ನಿಜ ಹೊರಬಿತ್ತು. ಕಾರ್ಖಾನೆಯಲ್ಲಿ ತಾನಾಗಿ ಓಡುವ ಪಟ್ಟಿಯ ಮೇಲೆ ಸಾಲಾಗಿ ಹರಿದು ಬರುವ ಊಟದ ಡಬ್ಬಿಗಳಲ್ಲಿ, ಅನ್ನದ ನಡುವೆ ಒಂದೊಂದು ಉಪ್ಪಿನಕಾಯಿ ಇಡುವುದು ಅವನ ಕೆಲಸವಾಗಿತ್ತು.

ಕೆಲಸ ಕೀಳೆಂದು ಅಮೃತಮ್ಮ ಯಾವತ್ತೂ ಅನ್ನಲಿಲ್ಲ. ಉಪ್ಪಿನಕಾಯಿ ಇಟ್ಟು ಬಂದವನು ಉಪ್ಪಿನಕಾಯಿಯ ಮಾತಾಡಬೇಕು. ಇವನು ಜಪಾನನ್ನು ತಾನೇ ಕಟ್ಟಿಸಿದವನ ಹಾಗೆ ಮಾತಾಡುತ್ತಿದ್ದ. ಮೇ ತಿಂಗಳಿನ ಬಿಸಿಲಲ್ಲಿ ಕೋಟು ಹಾಕುತ್ತಿದ್ದ. ಸ್ಟೇಷನ್ ರಸ್ತೆಯಲ್ಲಿ ಚಹಾ ಮಾರುವ ಚಾಂದ್‌ಗೂ ಸೊಂಟ ಮುರಿಯುವಷ್ಟು ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಚಾಂದ್ ಮೊದಲ ಸಲ ಏನೋ ಬಿತ್ತೆಂದು ತಾನೂ ಬಗ್ಗಿ ನೆಲ ಹುಡುಕಿದ್ದ. “ಜಪಾನದಾಗ ಮನಿಯೊಳಗ ಬೂಟು ಹಾಕೋದಿಲ್ಲ” ಎಂದು ಹುಡುಗಿಯರಿಗೆ ಅರ್ಧ ತಾಸು ಉಪದೇಶ ಮಾಡಿದ್ದನಂತೆ. ವಾಡಿಯ ಜನ ಅಡುಗೆಮನೆಗೆ ಬೂಟು ಹಾಕಿಕೊಂಡು ಹೋಗುತ್ತಿದ್ದರೇನೋ.

ಕ್ಲಾಸು ನಡೆಯುತ್ತಿದ್ದದ್ದು ಅಮೃತಮ್ಮನ ಮನೆಗೆ ಅಂಟಿದ ಕಟ್ಟಡದ ಮಾಳಿಗೆಯಲ್ಲಿ. ಕಿಟಕಿ ಆಕೆಯ ಅಂಗಳಕ್ಕೇ ತೆರೆಯುತ್ತಿತ್ತು, ಹಾಗಾಗಿ ಪಾಠದ ಅರ್ಧ ಆಕೆಯ ಮೇಲೆಯೇ ಬೀಳುತ್ತಿತ್ತು. ಕೆಂಪು ಹಸಿರು ದೀಪ ಮಿಣುಕುವ ಒಂದು ಸ್ಪೀಕರ್, ಒಂದು ಮೈಕು. ಬರೀ ವಾದ್ಯ ನುಡಿಯುತ್ತದೆ, ಮಾತು ನಾವು ಹಾಡಬೇಕು. ಅದಕ್ಕೆ ಕರಾವೊಕೆ ಅನ್ನುತ್ತಾರೆ ಎಂದು ಶಗುಫ್ತಾ ತಿಳಿಸಿ ಹೇಳಿದಳು. ಹಾಡು ಮುಗಿದ ಮೇಲೆ ಮಾಸ್ತರನ ಫೋನು ಮಾರ್ಕು ಕೊಡುತ್ತಿತ್ತು. ಒಂದು ದಿನ ಬೇಗಂ ಮೊಮ್ಮಗಳಿಗೆ ಬುತ್ತಿ ಕೊಡಲು ಮೇಲೆ ಹೋದವಳು ಮೈಕಿನ ಮುಂದೆ ಕೆಮ್ಮಿದಳು. ಕೆಮ್ಮಿಗೆ ಎಂಬತ್ತೆರಡು ಬಂತು. ಶಗುಫ್ತಾ ಪೂರಾ ಹಾಡಿದರೆ ಎಪ್ಪತ್ತೊಂಬತ್ತು.

“ನನ್ನನ್ನೇ ಕಳಸ್ರಿ ಜಪಾನಿಗೆ” ಎಂದಳು ಬೇಗಂ, ಕೆಳಗೆ ಬಂದು.

ಹಾಡನ್ನು ಅವನು ಆರಿಸುವ ರೀತಿ ನೋಡಬೇಕಿತ್ತು. ಫೋನಿನಲ್ಲಿ ಆ ಹಾಡನ್ನು ಎಷ್ಟು ಜನ ನೋಡಿದ್ದಾರೆ ಎಂಬ ಅಂಕಿ ಓದುವನು. ಕೋಟಿ ದಾಟಿದ್ದರೆ ಒಳ್ಳೆಯ ಹಾಡು, ಲಕ್ಷದಲ್ಲಿದ್ದರೆ ಬ್ಯಾಡ. ಅದರ ಅರ್ಥ ಏನು, ಯಾರು ಹಾಡುತ್ತಾರೆ, ಯಾವ ಹೊತ್ತಿಗೆ ಹಾಡುತ್ತಾರೆ, ಒಂದು ಮಾತಿಲ್ಲ. ಹುಡುಗಿಯರು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದರು.

ಪದ ಜೋಡಿಸುವ ಆಟವನ್ನೂ ಅವನು ಬಿಡಲಿಲ್ಲ. ಜಪಾನಿನವರ ಆಟ ನಮ್ಮ ಅಂತ್ಯಾಕ್ಷರಿಯ ತಂಗಿ. ಒಬ್ಬರು ಹೇಳಿದ ಪದ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಇನ್ನೊಬ್ಬರು ಹೊಸ ಪದ ಹೇಳಬೇಕು. ಹಾಡಿಲ್ಲ, ಪದ ಮಾತ್ರ. ಆಡಿದರೆ ಮಜದ ಆಟ. ಇವನು ಆಟವನ್ನೇ ಉರು ಹೊಡೆಸಿದ. ಸಕುರಾ, ರಾಕುದಾ, ದೈದೊಕೊರೊ, ರೊಬಾ. ಮೊದಲನೆಯವಳು ಹೂವು ಅನ್ನಬೇಕು, ಎರಡನೆಯವಳು ಒಂಟೆ, ಮೂರನೆಯವಳು ಅಡುಗೆಮನೆ, ನಾಲ್ಕನೆಯವಳು ಕತ್ತೆ. ಹೀಗೆ ನಲವತ್ತು ಪದ, ಕೂತ ಸಾಲಿನ ಪ್ರಕಾರ. ದಿನಾ ಅದೇ ಹೂವು, ಅದೇ ಕತ್ತೆ. ಒಂಟೆ ಅನ್ನಬೇಕಾದ ಸುಶ್ಮಿತಾ ಎಂಬ ಹುಡುಗಿ ಜ್ವರ ಬಂದು ಎರಡು ದಿನ ಬರದಿದ್ದಾಗ ಹೂವಿನ ಮುಂದೆ ಆಟ ಹೋಗಲೇ ಇಲ್ಲ.

“ಇದು ಆಟ ಅಲ್ಲ, ಹಾಜರಿ” ಎಂದಳು ಅಮೃತಮ್ಮ.

ಅಂದಿನಿಂದ ಸಂಜೆ ಶಗುಫ್ತಾಳನ್ನು ಅಂಗಳದಲ್ಲಿ ಕೂಡಿಸಿಕೊಂಡು ತಾನೇ ಆಡಿಸತೊಡಗಿದಳು. ಆಕೆಗೆ ಜಪಾನಿ ಒಂದಕ್ಷರ ಬಾರದು. ಕೊನೆಯ ದನಿ ಬಂದರೆ ಸಾಕಲ್ಲ. ಹುಡುಗಿ ಹೇಳಿದ ಪದ ಎಲ್ಲಿ ನಿಂತಿತೆಂದು ಹಿಡಿದು, “ಈಗ ಇಲ್ಲಿಂದ ಎತ್ತು. ಉರು ಹೊಡೆದದ್ದು ಹೇಳಬ್ಯಾಡ, ಕಣ್ಣಿಗಿ ಕಾಣೋದು ಹೇಳು” ಎನ್ನುವಳು. ಬೇಗಂ ಕೈಯಿಂದ ಕೊಡ, ಬೆಕ್ಕು, ತನ್ನ ಮೊಣಕಾಲು ತೋರಿಸುವಳು. ಹದಿನೈದು ದಿನದಲ್ಲಿ ಹುಡುಗಿಯ ನಾಲಿಗೆ ಸ್ವಲ್ಪ ಸಡಿಲಾಯಿತು.

ಜಪಾನಿನವರು ಬರಲು ಎಂಟು ದಿನ ಇರುವಾಗ ರಮೇಶಕುಮಾರ ಮೊದಲ ಸಲ ಅಮೃತಮ್ಮನ ಬಾಗಿಲಿಗೆ ಬಂದ. ಕೋಟು ಸಮೇತ ಬಗ್ಗಿದ.

“ಅಮ್ಮಾರೆ, ಒಂದು ಕೆಲಸ ಆಗಬೇಕಾಗಿತ್ತು. ಬುಧವಾರ ಜಪಾನಿನವರು ಬರ್ತಾರ. ಎದ್ದು ಕೂಡ್ಲಿಕ್ಕಾಗದ ಮುದುಕರನ್ನ ಹೇಂಗ ಎಬ್ಬಿಸ್ತೀವಿ ಅಂತ ಹುಡುಗೀರು ಮಾಡಿ ತೋರಸಬೇಕು. ಅದಕ್ಕ ಒಬ್ರು ಮುದುಕರು ಬೇಕು.”

“ವಾಡ್ಯಾಗ ನಾ ಒಬ್ಬಾಕಿನೇ ಏನಪಾ ಮುದುಕಿ?”

“ಹಂಗಲ್ರಿ. ಬಾಕಿಯವರಿಗಿ ಮಾಳಗಿ ಮೆಟ್ಟಲಾ ಹತ್ತಲಿಕ್ಕಾಗಲ್ಲ. ನೀವು ಹತ್ತತೀರಿ.”

“ಮೆಟ್ಟಲಾ ಹತ್ತೋ ಆಕಿನ್ನ ಕುರ್ಚಿ ಮ್ಯಾಲಿಂದ ಎಬ್ಬಿಸಿ ತೋರಸ್ತೀರಿ.”

ಅವನಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಶಗುಫ್ತಾಳ ಸಲುವಾಗಿ ಆಕೆ ಹೂಂ ಎಂದಳು. ಖುಷಿಗೆ ಅವನು ಅಲ್ಲೇ ಫೋನು ತೆಗೆದು ಒಂದು ಹಾಡು ಹಚ್ಚಿದ. ಬಂದವರನ್ನು ಸ್ವಾಗತಿಸಲು ಒಂಬತ್ತು ಹುಡುಗಿಯರೂ ಕೂಡಿ ಹಾಡುವ ಹಾಡಂತೆ. ನಿಧಾನದ ರಾಗ, ತಣ್ಣಗೆ ಇಳಿದು ಇಳಿದು ಹೋಗುವಂಥದು.

“ಇದು ಯಾ ಹೊತ್ತಿನ ಹಾಡು?” ಅಮೃತಮ್ಮ ಕೇಳಿದಳು.

“ಭಾಳ ಫೇಮಸ್ ಹಾಡ್ರಿ. ನಮ್ಮ ಮನಿ ಹತ್ತಿರ ದೊಡ್ಡ ಅಂಗಡಿ ಇತ್ತು. ದಿನಾ ಅಲ್ಲಿ ಇದನ್ನೇ ಹಾಕ್ತಿದ್ರು.”

“ದಿನಪೂರ್ತಿ ಹಾಕ್ತಿದ್ರೇನು?”

“ಇಲ್ರಿ, ಸಂಜಿಕಿ. ಕಡೀಕ ಒಂದ್ಸಲ.”

“ಹಾಕಿದ ಮ್ಯಾಲ ಮಂದಿ ಏನು ಮಾಡ್ತಿದ್ರು? ನಿಂತು ಕೇಳ್ತಿದ್ರೇನು?”

ಅವನು ನೆನಪು ಮಾಡಿಕೊಂಡ. “ಬುಟ್ಟಿ ತಗೊಂಡು ಲಗು ಲಗು ಹೊರಗ ಹೋಗ್ತಿದ್ರು.”

“ಆಮ್ಯಾಲ?”

“ಆಮ್ಯಾಲ ಅಂಗಡಿಯವರು ಬಾಗಿಲಾ ಹಾಕ್ತಿದ್ರು.”

“ಮಾಸ್ತರ, ನೀ ಇದನ್ನ ಹನ್ನೊಂದು ತಿಂಗಳು ಕೇಳೀದಿ?”

“ದಿನಾ ಕೇಳೀನ್ರಿ. ಅದಕ್ಕೇ ನನಗ ಬಾಯಿಪಾಠ ಅದ.”

“ಅವರು ದಿನಾ ನಿನಗ ಹೊರಗ ಹೋಗು ಅಂದಾರ. ನೀ ಅದನ್ನ ಬಾಯಿಪಾಠ ಮಾಡಿಕೊಂಡು ಬಂದೀದಿ. ಬಂದ ಬೀಗರ ಮುಂದ ಇದನ್ನ ಹಾಡಿಸಬ್ಯಾಡ.”

ರಮೇಶಕುಮಾರ ನಕ್ಕ. ಆ ನಗು ಅಮೃತಮ್ಮನಿಗೆ ನೆನಪಿದೆ. ಹಲ್ಲು ನಕ್ಕವು, ಕಣ್ಣು ಕೋಟಿನ ಗುಂಡಿ ನೋಡುತ್ತಿದ್ದವು. “ಅಮ್ಮಾರೆ, ನಿಮಗ ಜಪಾನಿ ಭಾಷಾ ಬರಲ್ಲ.”

“ಬಾಗಿಲಾ ಹಾಕೋದು ಯಾ ಭಾಷಾದಾಗ ಹಾಕಿದ್ರೂ ತಿಳೀತದ.”

ಅವನು ಮತ್ತೊಮ್ಮೆ ಬಗ್ಗಿ ಹೊರಟುಹೋದ. ಹಾಡು ಬದಲಾಗಲಿಲ್ಲ.

ಹಾಡಿಗೊಂದು ಹೊತ್ತಿರುತ್ತದೆಂದು ಅಮೃತಮ್ಮ ಕಲಿತದ್ದು ಹದಿನೈದನೆಯ ವಯಸ್ಸಿನಲ್ಲಿ, ಗುಂಡಗುರ್ತಿಯ ಗಂಡನ ಮನೆಯಲ್ಲಿ. ನಾದಿನಿಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಹೊಸ ಸೊಸೆ ಒಂದು ಹಾಡು ಅನ್ನಲಿ ಎಂದರು. ಆಕೆಗೆ ತುಂಬ ಇಂಪಾಗಿ ಬರುತ್ತಿದ್ದದ್ದು ಹೆಣ್ಣೊಪ್ಪಿಸುವ ಹಾಡು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಹೇಳುವ ಹಾಡು. ಕಣ್ಣು ಮುಚ್ಚಿ ಎತ್ತಿದಳು. ಎರಡು ಸಾಲು ಆಗುವುದರೊಳಗೆ ತೊಟ್ಟಿಲು ತೂಗುವ ಕೈ ನಿಂತಿತು. ನೀಲಿ ಇಳಕಲ್ ಸೀರೆ ಉಟ್ಟ ಅತ್ತೆ ಎದ್ದು ಬಂದು, ಗುಗ್ಗರಿಯ ತಟ್ಟೆಯನ್ನು ಆಕೆಯ ಕೈಗೆ ಕೊಟ್ಟು, “ಒಳಗ ಹೋಗಿ ಹಂಚಲಿಕ್ಕ ಪೊಟ್ಟಣ ಕಟ್ಟು” ಎಂದಳು. ಬೈಯಲಿಲ್ಲ. ಬೀಸುವಾಗಿನದು ಬೀಸುವಾಗ, ಅರಿಶಿಣದ್ದು ಅರಿಶಿಣಕ್ಕೆ, ಹೆಣದ ಮುಂದಿನದು ಹೆಣದ ಮುಂದೆ. ಆ ದಿನದಿಂದ ಯಾವುದೇ ಹಾಡು ಕೇಳಿದರೂ ಆಕೆ ಮೊದಲು ಕೇಳುವವರ ಕೈಕಾಲು ನೋಡುತ್ತಾಳೆ. ಹದಿನೈದರ ಹುಡುಗಿಗೆ ಒಂದು ದಿನದಲ್ಲಿ ತಿಳಿದದ್ದು ನಲವತ್ತರ ಈ ಗಂಡಸಿಗೆ ಹನ್ನೊಂದು ತಿಂಗಳಲ್ಲಿ ತಿಳಿದಿರಲಿಲ್ಲ.

ಸಂಜೆ ಶಗುಫ್ತಾಳಿಗೆ ಹೇಳಿದಳು.

“ನನಗೂ ಡೌಟು ಬಂದಿತ್ತು ಆಯಿ. ಅದರಾಗ ಎಲ್ಲಾ ಹಳೇ ಮಾತು ಅವ, ಅರ್ಥ ಆಗಲ್ಲ. ಸರ್‌ಗೆ ಹೇಂಗ ಹೇಳ್ಲಿ? ಯಾರು ಹಾಡಲ್ಲ ಅವರ ಹೆಸರು ಲಿಸ್ಟಿನ್ಯಾಗ ಕಡೀಕ ಹಾಕ್ತೀನಿ ಅಂದಾರ.”

“ಹಾಕಲಿ. ಬಾಯಿ ಮುಚ್ಚಿಕೊಂಡು ನಿಂದ್ರೋದು ನಿನಗ ಹೊಸಾದೇನು?”

“ಮತ್ತ ನಪಾಸಾದ್ರ?”

“ಹಾಡಿದ್ರೂ ಆಗ್ತೀದಿ. ಬಂದವರು ಎದ್ದು ನಿಂತ್ರ, ಕೂಡ್ರಿ ಅನ್ನಲಿಕ್ಕ ಬರ್ತದೋ ಇಲ್ಲೋ?”

“ಬರ್ತದ.”

“ಅಷ್ಟು ಸಾಕು.”

ಬುಧವಾರ ಹನ್ನೊಂದಕ್ಕೆ ಅವರು ಬಂದರು. ಅರವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು, ಕನ್ನಡಕದ ಒಬ್ಬ ಗಂಡಸು. ರಮೇಶಕುಮಾರ ಬಾಗಿಲಲ್ಲಿ ಬಗ್ಗಿದ, ಮೆಟ್ಟಿಲಲ್ಲಿ ಬಗ್ಗಿದ, ಅವರು ಕೂತ ಮೇಲೂ ಬಗ್ಗಿದ. ಆ ಇಬ್ಬರು ಒಂದು ಸಲ ಬಗ್ಗಿ ಸುಮ್ಮನಾದರು. ಅಮೃತಮ್ಮ ಮುದುಕಿಯಾಗಿ ಒಂದು ಕುರ್ಚಿಯಲ್ಲಿ ಕೂತಿದ್ದಳು. ಬೇಗಂ ಕೆಳಗೆ ಚಹಾ ಕುದಿಸುತ್ತಿದ್ದಳು.

ಸ್ಪೀಕರಿನ ದೀಪ ಮಿಣುಕಿತು, ಹುಡುಗಿಯರು ಎತ್ತಿದರು. ಅಮೃತಮ್ಮ ಬಂದವರ ಕೈ ನೋಡಿದಳು. ಹೆಣ್ಣುಮಗಳ ಕೈ ತನಗೇ ಅರಿವಿಲ್ಲದೆ ಕಾಲ ಬಳಿಯ ಚೀಲಕ್ಕೆ ಹೋಯಿತು. ಗಂಡಸು ಗಡಿಯಾರ ನೋಡಿಕೊಂಡ. ಎರಡನೆಯ ಸಾಲಿಗೆ ಆ ಹೆಣ್ಣುಮಗಳು ಕುರ್ಚಿಯಿಂದ ಅರ್ಧ ಎದ್ದಳು, ಗಂಡಸಿನ ಮುಖ ನೋಡಿದಳು, ಕೂಡುವುದೋ ಹೋಗುವುದೋ ತಿಳಿಯದೆ ಹಾಗೇ ನಿಂತಳು. ಗೌರವಕ್ಕೆ ಎದ್ದು ನಿಂತರೆಂದು ರಮೇಶಕುಮಾರನಿಗೆ ಹಿಗ್ಗೋ ಹಿಗ್ಗು. “ಜೋರಾಗಿ” ಎಂದು ಹುಡುಗಿಯರಿಗೆ ಕೈಮಾಡಿದ. ಮುಗಿದ ಮೇಲೆ “ಇನ್ನೊಂದ್ಸಲ” ಎಂದ.

ಶಗುಫ್ತಾ ಸಾಲಿನ ಕೊನೆಯಲ್ಲಿದ್ದಳು. ಮೊದಲ ಸಲ ಬಾಯಿ ಮುಚ್ಚಿ ನಿಂತಿದ್ದಳು. ಎರಡನೆಯ ಸಲ ಶುರುವಾಗುತ್ತಲೇ ಸಾಲು ಬಿಟ್ಟು ಬಂದಳು. ಮಾಸ್ತರ ಹಿಂದಿನಿಂದ “ಏ, ಏ” ಎಂದ. ಅವಳು ಆ ಹೆಣ್ಣುಮಗಳ ಮುಂದೆ ಮೊಣಕಾಲೂರಿ ಕೂತು, ಮುದುಕರೊಡನೆ ಮಾತಾಡುವಾಗ ಮಾಡುವಂತೆ ಮುಖ ಎತ್ತಿ, ತಡೆದು ತಡೆದು ಏನೋ ಹೇಳಿದಳು.

ಆ ಹೆಣ್ಣುಮಗಳು ಬಾಯಿಗೆ ಕೈ ಅಡ್ಡ ಹಿಡಿದಳು, ಹೆಗಲು ಕುಣಿಯತೊಡಗಿತು. ಗಂಡಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಆ ಹೆಣ್ಣುಮಗಳು ತಿರುಗಿ ಕೂತಳು, ಇಬ್ಬರೂ ನಕ್ಕರು. ಹುಡುಗಿಯರ ಹಾಡು ಒಬ್ಬೊಬ್ಬರದಾಗಿ ನಿಂತು, ಸ್ಪೀಕರಿನ ವಾದ್ಯ ಮಾತ್ರ ಉಳಿಯಿತು. ರಮೇಶಕುಮಾರನಿಗೆ ಅರ್ಥವಾದದ್ದು ಅವರು ನಕ್ಕರೆಂಬುದು ಮಾತ್ರ, ಹಾಗಾಗಿ ತಾನೂ ನಕ್ಕ.

ಅವಳು ಹೇಳಿದ್ದಿಷ್ಟೇ ಎಂದು ಆಮೇಲೆ ಅಂಗಳದಲ್ಲಿ ಗೊತ್ತಾಯಿತು: ಇನ್ನೂ ಬಾಗಿಲು ಮುಚ್ಚಿಲ್ಲ, ದಯವಿಟ್ಟು ಕೂಡಿರಿ, ಚಹಾ ಬರುತ್ತಿದೆ.

ಪದದ ಆಟದಲ್ಲಿ ಆ ಹೆಣ್ಣುಮಗಳು ತಾನೂ ಕೂಡಿಕೊಂಡಳು, ಮೊದಲ ಪದ ತಾನೇ ಹೇಳಿದಳು. “ಅಮೆ.” ಮಳೆ ಎಂದರ್ಥ. ಹೂವಿಗಾಗಿ ಕಾದಿದ್ದ ಹುಡುಗಿಯರು ಕಲ್ಲಾದರು. ಒಂಟೆಯ ಸುಶ್ಮಿತಾ ಮಾಸ್ತರನ ಮುಖ ನೋಡಿದಳು, ಮಾಸ್ತರ ಗೋಡೆ ನೋಡಿದ. ಶಗುಫ್ತಾ ಗಂಡಸಿನ ಕನ್ನಡಕ ತೋರಿಸಿ “ಮೆಗಾನೆ” ಎಂದಳು. ಆ ಹೆಣ್ಣುಮಗಳು “ನೆಕೊ” ಎಂದಳು, ಬೆಕ್ಕು. ಶಗುಫ್ತಾ ಬಂದು ಅಮೃತಮ್ಮನ ಸೊಂಟದ ಮೇಲೆ ಕೈಯಿಟ್ಟು “ಕೊಶಿ” ಎಂದಳು. ಸೊಂಟ. ಹಾಗೇ ಆ ಸೊಂಟಕ್ಕೆ ಕೈಯಾಸರೆ ಕೊಟ್ಟು ಆಕೆಯನ್ನು ಮೆಲ್ಲಗೆ ಎಬ್ಬಿಸಿ ನಿಲ್ಲಿಸಿದಳು. ಅಮೃತಮ್ಮ ಅಂದು ನಾಟಕ ಮಾಡಲೇ ಇಲ್ಲ. ಅಷ್ಟು ಹಗುರಾಗಿ ತನ್ನನ್ನು ಯಾರೂ ಎಬ್ಬಿಸಿರಲಿಲ್ಲವೆಂದು ಬೇಗಂಳಿಗೆ ಹೇಳಿದಳು. ಸುಶ್ಮಿತಾಳಿಗೂ ಅದನ್ನು ನೋಡಿ ಧೈರ್ಯ ಬಂತೇನೋ, ಮುಂದಿನ ಪದ ಅವಳೇ ಎತ್ತಿದಳು.

ಹನ್ನೆರಡನೆಯ ದಿನ ಕಾಗದ ಬಂತು. ಶಗುಫ್ತಾ, ಸುಶ್ಮಿತಾ. ಬೇಗಂ ಕಾಗದ ಹಿಡಿದುಕೊಂಡು ಅಮೃತಮ್ಮನ ಅಂಗಳದಲ್ಲಿ ಕೂತು ಅತ್ತಳು, ಆಮೇಲೆ ಅತ್ತದ್ದಕ್ಕೆ ತನ್ನನ್ನೇ ಬೈದುಕೊಂಡಳು.

ವಾರದೊಳಗೆ ಸ್ಟೇಷನ್ ರಸ್ತೆಯಲ್ಲಿ ಫ್ಲೆಕ್ಸು ಎದ್ದಿತು. ಕೋಟಿನ ರಮೇಶಕುಮಾರ ಆಳೆತ್ತರ ನಿಂತಿದ್ದ. ಅವನ ಬೂಟಿನ ಹತ್ತಿರ ಲಿಂಬೆಹಣ್ಣಿನಷ್ಟು ದೊಡ್ಡ ಎರಡು ಮುಖ, ಹುಡುಗಿಯರದು. ಚಾಂದ್‌ನ ಚಹಾದಂಗಡಿಯಲ್ಲಿ ಅವನು ಹೇಳಿಕೊಳ್ಳುತ್ತಿದ್ದನಂತೆ: ಆ ಹಾಡನ್ನು ಬೇಕೆಂದೇ ಇಟ್ಟಿದ್ದೆ, ಯಾವ ಹುಡುಗಿಗೆ ಬುದ್ಧಿ ಓಡುತ್ತದೆಂದು ಪರೀಕ್ಷೆ ಮಾಡಲು. ಶಹಾಬಾದಿನಿಂದ, ಸೇಡಂನಿಂದ ಹೊಸ ಹುಡುಗಿಯರು ವಿಚಾರಿಸಲು ಬರತೊಡಗಿದರು.

ಶಗುಫ್ತಾ ಹೊರಡುವ ಹಿಂದಿನ ದಿನ, ಬೇಗಂಳ ಮನೆಗೆ ಒಯ್ಯಲೆಂದು ಅಮೃತಮ್ಮ ಅಂಗಳದ ಒಲೆಯಲ್ಲಿ ಶೇಂಗಾ ಹೋಳಿಗೆ ಬೇಯಿಸುತ್ತಿದ್ದಾಗ ರಮೇಶಕುಮಾರ ಬಂದ. ಕೈಯಲ್ಲಿ ಮೂರು ಕಾಲಿನ ಒಂದು ಸ್ಟ್ಯಾಂಡು. ಅಂಗಳದ ನಡುವೆ ಅದನ್ನು ಊರಿ, ಅದರ ತಲೆಗೆ ಫೋನು ಸಿಗಿಸಿದ.

“ಅಮ್ಮಾರೆ, ಎರಡು ನಿಮಿಷ. ಹೊಸ ಬ್ಯಾಚಿಗೆ ತೋರಸಲಿಕ್ಕ ಒಂದು ವಿಡಿಯೋ. ಹಾಡು ಆರಿಸೋದ್ರಾಗ ರಮೇಶಕುಮಾರ ಸರ್ ಅವರನ್ನ ಬಿಟ್ರ ಇಲ್ಲ, ನಮ್ಮ ಹುಡುಗಿ ಅವರಿಂದನೇ ಪಾಸಾದ್ಳು ಅಂತ ಒಂದು ಮಾತು ಹೇಳ್ರಿ ಸಾಕು.”

ಅಮೃತಮ್ಮ ಹಂಚಿನ ಮೇಲಿನ ಹೋಳಿಗೆಯನ್ನು ತಿರುವಿ ಹಾಕಿ, ತಲೆ ಎತ್ತಿ ಅವನನ್ನು ನೋಡಿದಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದಳು. ಕೋಟಿನ ಕಂಕುಳಲ್ಲಿ ಬೆವರು ಹರಡಿತ್ತು. ಅವನು ಫೋನಿನಲ್ಲಿ ಆಕೆಯ ಮುಖ ನೋಡಿ, ತಲೆಯನ್ನು ಅತ್ತ ಇತ್ತ ವಾಲಿಸಿದ, ಸ್ಟ್ಯಾಂಡನ್ನು ಒಂದು ಗೇಣು ಹಿಂದಕ್ಕೆ ಸರಿಸಿದ.

“ಹಿಂಗ ಬ್ಯಾಡ್ರಿ ಅಮ್ಮಾರೆ” ಎಂದ. “ಸ್ವಲ್ಪ ನಕ್ಕೋಂತ ಹೇಳ್ರಿ.”